ಗಾಯವೇ ಆಗದ ಗ್ಯಾಂಗು

1958ರ ಮಾರ್ಚ್ ಹನ್ನೊಂದರ ಬೆಳಿಗ್ಗೆ ಮೇಸ್ತ್ರಿ ಕೋದಂಡಪ್ಪನ ಹೆಂಡತಿ ವೆಂಕಟರತ್ನಮ್ಮ ಠಾಣೆಗೆ ಬಂದಳು. ಹಿಂದಿನ ದಿನ ಗಣಿಯೊಳಗೆ ಬಂಡೆ ಕುಸಿದು ಗಂಡ ಸತ್ತಿದ್ದ.

"ಅದು ಆಕ್ಸಿಡೆಂಟಲ್ಲ ಸಾಮಿ. ಪೆರುಮಾಳು ಕಂಬಿಯಾಗೆ ಬಡಿದು 'ಸರಿ ಐತೆ' ಅನ್ನೋಗಂಟ ನಮ್ಮ ಯಜಮಾನ್ರು ಒಳಕ್ಕೆ ಕಾಲೇ ಇಡ್ತಿರ್ಲಿಲ್ಲ."

ಇನ್ಸ್‌ಪೆಕ್ಟರ್ ರಾಮಚಂದ್ರಪ್ಪ ಎಫ್‌ಐಆರ್ ದಾಖಲಿಸಿದರು. ತಲೆಯ ಮೇಲಿನ ಬಂಡೆಯನ್ನು ಕಂಬಿಯಿಂದ ಬಡಿದು ನೋಡುವುದು ಗಣಿಯ ಪದ್ಧತಿ. ಗಟ್ಟಿಯಿದ್ದರೆ ಖಣ್ ಎನ್ನುತ್ತದೆ, ಬಿರುಕು ಬಿಟ್ಟಿದ್ದರೆ ಒಡಕು ಮಡಕೆಯ ಸದ್ದು. ಕೋದಂಡಪ್ಪನ ಗ್ಯಾಂಗಿನಲ್ಲಿ ಆ ಕೆಲಸ ಕೂಲಿ ಪೆರುಮಾಳನದು. ಅವನ ಕಿವಿ ಇದುವರೆಗೆ ತಪ್ಪಿದ್ದಿಲ್ಲ.

ಪಂಚನಾಮೆಗೆಂದು ಕೆಳಗಿಳಿದಾಗ ಬಿಸಿಗಾಳಿ ಉಸಿರು ಕಟ್ಟಿಸಿತು. ಕತ್ತಲಲ್ಲಿ ಎಲ್ಲೋ ಕಲ್ಲು ಲಟಕ್ಕೆಂದಿತು. ರಾಮಚಂದ್ರಪ್ಪನವರಿಗೆ ನಿಜಕ್ಕೂ ಭಯವಾಯಿತು. ಬಂಡೆ ಬೀಳುವ ಮುಂಚೆ ಪೆರುಮಾಳ್ ತಮ್ಮನ್ನೆಲ್ಲ ಹಿಂದಕ್ಕೆ ಕರೆದನೆಂದು ಕೂಲಿಗಳು ಹೇಳಿದರು. ಮೂರು ವರ್ಷದಿಂದ ಈ ಗ್ಯಾಂಗಿನಲ್ಲಿ ಒಬ್ಬರಿಗೂ ಗಾಯವಾಗಿರಲಿಲ್ಲವೆಂದು ಗುತ್ತಿಗೆದಾರ ಹೆಮ್ಮೆಪಟ್ಟ. ಅದಕ್ಕಾಗಿ ಕೋದಂಡಪ್ಪನಿಗೆ ವರ್ಷ ವರ್ಷವೂ ಹಾರ ಹಾಕುತ್ತಿದ್ದನಂತೆ.

ರಾಮಚಂದ್ರಪ್ಪನವರಿಗೆ ಆ ಮಾತು ಗಂಟಲಲ್ಲಿ ಇಳಿಯಲಿಲ್ಲ. ಬಂಗಾರಪೇಟೆಯಲ್ಲಿದ್ದಾಗ ರೈಲ್ವೆ ಯಾರ್ಡಿನಲ್ಲಿ ಬೆರಳು ಜಜ್ಜಿಕೊಂಡವರನ್ನು, ಜಲ್ಲಿ ಒಡೆಯುತ್ತ ಕಣ್ಣು ಕಳೆದುಕೊಂಡವರನ್ನು, ಅಕ್ಕಿ ಗಿರಣಿಯ ಬೆಲ್ಟಿಗೆ ಕೈ ಸಿಕ್ಕಿಸಿಕೊಂಡವರನ್ನು ಕಂಡವರು ಅವರು. ನೆಲದ ಮೇಲೇ ಹೀಗಾದರೆ ಪಾತಾಳದಲ್ಲಿ ಗೀರೂ ಆಗುವುದಿಲ್ಲವೇ? ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಅನ್ನುತ್ತಾರೆ. ಇಲ್ಲಿ ಬೆಂಕಿಯಿದೆ, ಹೊಗೆಯನ್ನು ಯಾರೋ ಮುಚ್ಚಿಟ್ಟಿದ್ದಾರೆ.

ಕೂಲಿಗಳು ವಾಸವಿದ್ದ ಲೈನಿಗೆ ಹೋಗಿದ್ದ ಕಾನ್‌ಸ್ಟೇಬಲ್ ಕದಿರಪ್ಪ ಮಧ್ಯಾಹ್ನ ಬಂದ.

"ಪೆರುಮಾಳನ ಮಗ ಮಂಚ ಇಡಿದವ್ನೆ ಸಾರ್. ಸೊಂಟದಿಂದ ಕೆಳಕ್ಕೆ ಸ್ವಾಧೀನ ಇಲ್ಲ. ಉಣಸೆಮರದಿಂದ ಬಿದ್ದ ಅಂತಾರೆ."

"ಅದೇ ಗ್ಯಾಂಗಿನಲ್ಲಿದ್ದನೇ?"

"ಊ ಸಾರ್."

ಪೆರುಮಾಳನನ್ನು ಕರೆಸಿದರು.

"ಬಂಡೆ ಬಡಿದಾಗ ಸದ್ದು ಹೇಗಿತ್ತು?"

"ಸರಿಯಾಗೇ ಇತ್ತು ಐಯಾ."

"ಸರಿಯಾಗಿದ್ದರೆ ಮಿಕ್ಕವರನ್ನು ಯಾಕೆ ಹಿಂದಕ್ಕೆ ಕರೆದೆ?"

"ಅವ್ರಿಗೂ ಮಕ್ಳವ್ರೆ ಐಯಾ."

ಆಮೇಲೆ ಎಲ್ಲವನ್ನೂ ಹೇಳಿದ. ಒಡಕು ಸದ್ದು ಕೇಳಿಯೂ ಕೋದಂಡಪ್ಪನಿಗೆ 'ಸರಿ ಐತೆ' ಅಂದಿದ್ದ. ಮಗನ ಬೆನ್ನು ಮುರಿದದ್ದು ಗಣಿಯೊಳಗೆ. ಗ್ಯಾಂಗಿನ ಹೆಸರು ಕೆಡಬಾರದೆಂದು ಕೋದಂಡಪ್ಪ ಹುಡುಗನನ್ನು ಕಂಬಳಿಯಲ್ಲಿ ಸುತ್ತಿ ಮೇಲಕ್ಕೆ ತರಿಸಿ ಹುಣಸೆಮರದ ಬುಡದಲ್ಲಿ ಮಲಗಿಸಿದ್ದ. ಮರದಿಂದ ಬಿದ್ದನೆಂದು ಎಲ್ಲರ ಬಾಯಲ್ಲೂ ಹೇಳಿಸಿದ್ದ. ಕೆಲಸ ಹೋದೀತೆಂಬ ಹೆದರಿಕೆಗೆ ಪೆರುಮಾಳನೂ ಹಾಗೆಯೇ ಹೇಳಿದ್ದ. ಅಂದಿನಿಂದ ಮಗ ಅಪ್ಪನ ಕೂಡ ಮಾತು ಬಿಟ್ಟಿದ್ದ.

ಸಂಜೆ ದಸ್ತಗಿರಿಯಾಯಿತು. ಹೇಳಿಕೆಯನ್ನು ಓದಿ ಹೇಳಿದ ರಾಮಚಂದ್ರಪ್ಪ, ಇನ್ನೇನಾದರೂ ಹೇಳುವುದಿದೆಯೇ ಎಂದು ಕೇಳಿದರು. ಅವರ ದನಿ ತಗ್ಗಿತ್ತು.

"ನನ್ನ ಮೇಲೆ ಏನಾದ್ರೂ ಬರ್ಕಳಿ ಐಯಾ. ಈ ಕಾಗದಾನ ನನ್ನ ಮಗನ ಮುಂದೆ ಒಂದ್ಸಲ ಓದ್ಬಿಡಿ, ಸಾಕು."