ಸೊಲ್ಮೆ ಊರಿನ ಹಸಿರು ಚುಕ್ಕೆ

ಕುಡುಗೋಲಿನ ಮೊನೆ ನನ್ನ ಗಂಟಲಿಗೆ ತಾಗಿತ್ತು.

ಹಿಡಿದಿದ್ದವಳಿಗೆ ಎಪ್ಪತ್ತೊಂದು ವರ್ಷ. ಕೈ ಮಾತ್ರ ಒಂದಿಷ್ಟೂ ನಡುಗುತ್ತಿರಲಿಲ್ಲ.

"ಆ ಹುಡುಗಿ ಕೈ ಬಿಡು, ತಾಕ್ ಮ್ಯಾನೇಜರ್. ಕರಬೂಜದ ಬಳ್ಳಿ ಕೊಯ್ದು ಅಭ್ಯಾಸ ನಂಗೆ. ಬಳ್ಳಿ ಯಾವ್ದು, ನರ ಯಾವ್ದು ಅಂತ ನೋಡ್ತಾ ಕೂರಲ್ಲ."

ಬಿಟ್ಟೆ. ಬಿಡದೆ ಏನು ಮಾಡಲಿ, ವಕೀಲರೇ? ಈ ಕಂಪನಿಗೆ ಸೇರುವ ಮೊದಲು ಹದಿನಾರು ವರ್ಷ ಪೊಲೀಸ್ ಕೆಲಸ ಮಾಡಿದವನು ನಾನು. ಸುಮ್ಮನೆ ಹೆದರಿಸುವವರು ಯಾರು, ನಿಜವಾಗಿ ಕೊಯ್ಯುವವರು ಯಾರು ಎನ್ನುವುದು ಕಣ್ಣಲ್ಲೇ ಗೊತ್ತಾಗುತ್ತದೆ. ಬೊಂಗ್ನೆ ಅಜ್ಜಿ ಕೊಯ್ಯುವ ಪೈಕಿ. ಆಕೆ ಸೊಲ್ಮೆ ಊರಿನ ಮುಖ್ಯಸ್ಥೆಯೂ ಹೌದು.

ನಾವು ನಿಂತಿದ್ದದ್ದು ಆಕೆಯ ಪ್ಲಾಸ್ಟಿಕ್ ಹೊದಿಸಿದ ಕರಬೂಜದ ಶೆಡ್ಡಿನಲ್ಲಿ. ಬೆಳಿಗ್ಗೆ ಹನ್ನೊಂದೂ ಇಪ್ಪತ್ತು. ಒಳಗೆ ಒಲೆಯ ಮೇಲೆ ಕೂತಷ್ಟು ಸೆಕೆ. ನಾನು ಮಣಿಕಟ್ಟು ಹಿಡಿದಿದ್ದ ಹುಡುಗಿ ಇನ್‌ಹೇ, ಫ್ಯಾಕ್ಟರಿಯ ಸೆನ್ಸರ್ ವಿಭಾಗದವಳು. ಆ ದಿನ ಬೆಳಿಗ್ಗೆಯಷ್ಟೇ ಅವಳನ್ನು ಕೆಲಸದಿಂದ ಹೊರಗೆ ಹಾಕಿದ್ದರು. ಭದ್ರತಾ ಮುಖ್ಯಸ್ಥ, ಮಾ ಎನ್ನುವವನು, ನನಗೆ ಫೋನ್ ಮಾಡಿ ಎರಡೇ ಮಾತು ಹೇಳಿದ್ದ.

"ಅಣ್ಣ, ಆ ಹುಡುಗಿ ಫೋನಲ್ಲಿ ಏನೋ ಫೋಟೋ ಹೊಡ್ಕೊಂಡು ಹೋಗಿದಾಳೆ. ಎರಡು ಗಂಟೆಗೆ ಫಾರಿನ್ ಗಿರಾಕಿಗಳು ಬರ್ತಾರೆ, ಅಷ್ಟರೊಳಗೆ ಆ ಫೋನ್ ನನ್ ಟೇಬಲ್ ಮೇಲಿರ್ಬೇಕು."

ನನ್ನ ಕೆಲಸವೇ ಅದು. ಕಾರ್ಡಿನ ಮೇಲೆ 'ತಾಕ್, ಗ್ರಾಮ ಸಂಪರ್ಕ ಮ್ಯಾನೇಜರ್' ಎಂದಿತ್ತು. ಊರಿನವರು ದೂರು ಬರೆಯಲು ಕೂತರೆ, ಅವರು ಬರೆದು ಮುಗಿಸುವ ಮೊದಲು ನಾನು ಅಲ್ಲಿರುತ್ತಿದ್ದೆ. ಜೊತೆಗೆ ಕೂತು ಅಕ್ಕಿ ಹೆಂಡ ಕುಡಿದು, ಮೊಮ್ಮಕ್ಕಳ ಹೆಸರು ಕೇಳಿ, ನಿಧಾನಕ್ಕೆ ಪೆನ್ನು ಕೆಳಗಿಡಿಸುತ್ತಿದ್ದೆ. ಅದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ.

"ಮ್ಯಾನೇಜರ್, ಬೇಕಾದ್ರೆ ಆಮೇಲೆ ನನ್ನ ಕಟ್ಟಿ ಹಾಕಿ," ಎಂದಳು ಇನ್‌ಹೇ. "ಮೊದ್ಲು ಈ ಊರು ಖಾಲಿ ಮಾಡಿಸಿ. ಆ್ಯಸಿಡ್ ಸೋರ್ತಿದೆ."

ನಕ್ಕುಬಿಟ್ಟೆ. ಜೇಬಿನಿಂದ ಫೋನ್ ತೆಗೆದು ತೋರಿಸಿದೆ. ಪರದೆಯ ನಡುವೆ ಹಸಿರು ಚುಕ್ಕೆ.

ಆ ಚುಕ್ಕೆಯ ಕತೆ ಹೇಳಿಬಿಡುತ್ತೇನೆ. ಏರಿಯ ಆಚೆಗಿರುವ ಫ್ಯಾಕ್ಟರಿ ಕಂಪ್ಯೂಟರ್ ಚಿಪ್ ತೊಳೆಯುವ ಆ್ಯಸಿಡ್ ಮಾಡುತ್ತದೆ. ಮೂರು ವರ್ಷದ ಹಿಂದೆ ಊರಲ್ಲಿ ಒಬ್ಬೊಬ್ಬರಿಗೇ ಮೂಗಿನಲ್ಲಿ ರಕ್ತ ಬರತೊಡಗಿತು. ಗಲಾಟೆ ಆಯಿತು. ಕಂಪನಿ ಬೇಲಿಯುದ್ದಕ್ಕೂ ಸೆನ್ಸರ್ ಹಾಕಿಸಿ, ಮನೆಗೊಂದು ಫೋನ್ ಕೊಟ್ಟಿತು. ಚುಕ್ಕೆ ಹಸಿರಿದ್ದರೆ ಗಾಳಿ ಶುದ್ಧ, ಕೆಂಪಾದರೆ ಓಡಿ. ಊರಿನ ಹಳೆಯ ಧ್ವನಿವರ್ಧಕವನ್ನೂ ಕಿತ್ತು ಹೊಸದನ್ನು ಹಾಕಿದರು. ಅಪಾಯವಾದರೆ ಅದು ತಾನಾಗಿಯೇ ಕೂಗುತ್ತದಂತೆ. ಎಲ್ಲವನ್ನೂ ಫ್ಯಾಕ್ಟರಿಯ ಒಂದೇ ಕಂಪ್ಯೂಟರ್ ನೋಡಿಕೊಳ್ಳುತ್ತಿತ್ತು.

ಫೋನುಗಳನ್ನು ಮನೆಮನೆಗೆ ಹೋಗಿ ಕೊಟ್ಟವನು ನಾನೇ. ಸಹಿ ಹಾಕಿಸಿಕೊಂಡವನೂ ನಾನೇ.

"ಚುಕ್ಕೆ ಹಸಿರೇ ಇರುತ್ತೆ," ಎಂದಳು ಇನ್‌ಹೇ. "ಊರಿನ ಪೂರ್ವಕ್ಕಿರೋ ಬೇಲಿ ಕಡೆ ನಾಲ್ಕು ಸೆನ್ಸರ್ ಇದಾವಲ್ಲ, ಅವು ಕೂಗಿದಾಗೆಲ್ಲ 'ಸೆನ್ಸರ್ ದೋಷ' ಅಂತ ನನ್ ಕೈಲಿ ಬಟನ್ ಒತ್ತಿಸ್ತಿದ್ರು. ಮೂರು ವರ್ಷ ಒತ್ತಿದೀನಿ. ಅವು ಸುಳ್ಳು ಹೇಳ್ತವೆ ಅಂತ ಕಂಪ್ಯೂಟರ್ ಕಲ್ತುಬಿಡ್ತು. ಈಗ ಯಾರೂ ಒತ್ತೋದೇ ಬೇಡ, ಅದೇ ಒರೆಸಿ ಹಾಕತ್ತೆ."

"ಇವತ್ತು?"

"ಎಂಟೂವರೆಯಿಂದ ನಾಲ್ಕೂ ಕೂಗ್ತಿದಾವೆ. ಒರೆಸಿ ಹಾಕೋದ್ರೊಳಗೆ ಫೋಟೋ ಹೊಡ್ಕೊಂಡೆ. ಸೂಪರ್‌ವೈಸರ್‌ಗೆ ತೋರಿಸ್ದೆ. ಪರದೆ ಹಸಿರಿದೆ, ನಿನ್ ಕಣ್ಣು ಪರೀಕ್ಷೆ ಮಾಡಿಸ್ಕೋ ಅಂದ್ರು."

ಆಗಲೂ ನಂಬಲಿಲ್ಲ. ಸುಳ್ಳು ಹೇಳುತ್ತಿಲ್ಲ.

ನಂಬಿಸಿದ್ದು ಎಲೆ. ಶೆಡ್ಡಿನ ಪೂರ್ವದ ಕಿಂಡಿಯ ಹತ್ತಿರದ ಬಳ್ಳಿಗಳ ಎಲೆಯಂಚು ಇಸ್ತ್ರಿಪೆಟ್ಟಿಗೆ ತಾಗಿದಂತೆ ಕಂದಾಗಿತ್ತು. ಬೊಂಗ್ನೆ ಅಜ್ಜಿಯೂ ಅದನ್ನು ಆಗಲೇ ನೋಡಿದ್ದು. ಕುಡುಗೋಲು ತಾನಾಗಿ ಕೆಳಗಿಳಿಯಿತು.

"ಬೆಳಿಗ್ಗೆ ಆರಕ್ಕೆ ನೀರು ಬಿಟ್ಟಾಗ ಚೆನ್ನಾಗಿದ್ವು ಕಣೋ ಇವು..."

ಹೊರಗೆ ಬಂದೆ. ಎಲ್ಲೋ ಹಸುವೊಂದು ಒಂದೇ ಸಮನೆ ಅರಚುತ್ತಿತ್ತು. ಏರಿಯ ಮೇಲಿಂದ ಬಿಳಿ ಹೊಗೆ ಇಳಿಯುತ್ತಿತ್ತು. ಮೊಣಕಾಲೆತ್ತರ. ಅವಸರವಿಲ್ಲದೆ, ಅನ್ನದ ಗಂಜಿ ಉಕ್ಕಿ ಹರಿದಂತೆ.

ತುರ್ತು ಸಂಖ್ಯೆಗೆ ಫೋನ್ ಮಾಡಿದೆ. ಹೊರಟೆವು, ನಲವತ್ತು ನಿಮಿಷ ಎಂದರು. ಹೊಗೆಗೆ ಹತ್ತು ನಿಮಿಷ ಸಾಕಿತ್ತು.

"ಊರಲ್ಲಿ ಎಷ್ಟು ಜನ ಇದಾರೆ ಅಜ್ಜಿ?"

"ಇವತ್ತು ಸಂತೆ. ಉಳ್ದಿರೋದು ಹದಿನೈದು, ನನ್ನೂ ಸೇರಿ. ಎಲ್ಲಾ ಮುದಿ ಪ್ರಾಣಗಳು."

"ಕರಬೂಜ ಸಾಗಿಸೋ ನಿಮ್ ಟ್ರಕ್ ತೆಗೀರಿ. ಹಾಸಿಗೆ ಹೊದಿಕೆ ಏನಿದೆಯೋ ಎಲ್ಲಾ ನೀರಲ್ಲಿ ಅದ್ದಿ."

ಮೊದಲ ಬಾಗಿಲು ಹಾಪ್ಸುನ್ ಅಜ್ಜಿಯದು. ಮೂಲಂಗಿ ಹೆಚ್ಚುತ್ತಾ ಕೂತಿದ್ದಳು.

"ಏಳಿ ಅಜ್ಜಿ. ಟ್ರಕ್ ಹತ್ತಿ. ವಿಷದ ಗಾಳಿ ಬರ್ತಿದೆ."

ಆಕೆ ಫೋನ್ ಎತ್ತಿ ನನ್ನ ಮೂಗಿಗೇ ಹಿಡಿದಳು. "ಹಸಿರಿದೆ ನೋಡು."

"ಅದು ಸುಳ್ಳು ಅಜ್ಜಿ."

"ಏನೋ ಹಂಗಂದ್ರೆ? ಮೂಗನ್ನ ನಂಬಬೇಡಿ, ಇದನ್ನ ನಂಬಿ ಅಂತ ನೀನೇ ತಾನೆ ಹೇಳಿದ್ದು? ಇಲ್ಲೇ ಕೂತು, ನನ್ ಕೈಯಾರೆ ಮಾಡಿದ ಉಪ್ಪಿನಕಾಯಿ ತಿಂದ್ಕೊಂಡು?"

ಹೇಳಿದ್ದೆ. ಒಂದೊಂದು ಮನೆಯಲ್ಲೂ ಹೇಳಿದ್ದೆ.

ಫೋನ್ ಕಿತ್ತು ಗೋಡೆಗೆ ಬಡಿದೆ. ಆಕೆಯನ್ನು ಮೂಟೆಯಂತೆ ಹೆಗಲಿಗೆ ಹಾಕಿಕೊಂಡೆ. ನನ್ನ ಕಿವಿ ಕಚ್ಚಿದಳು. ಕಿವಿಯ ಮೇಲಿನ ಈ ಹೊಲಿಗೆ ಆ್ಯಸಿಡ್‌ನದಲ್ಲ, ಆಕೆಯ ಹಲ್ಲಿನದು.

ಎರಡನೇ ಮನೆ, ಮೂರನೇ ಮನೆ... ಎಲ್ಲ ಕಡೆ ಅದೇ ಮಾತು. ಹಸಿರಿದೆ ನೋಡು. ಹಸಿರಿದೆಯಲ್ಲಪ್ಪ. ವಾದ ಮಾಡಲು ಸಮಯವಿರಲಿಲ್ಲ. ಎಳೆದೆ, ಎತ್ತಿದೆ, ಬೈದೆ. ಒಬ್ಬ ಮುದುಕನನ್ನು ಕಕ್ಕಸಿನ ಬಾಗಿಲು ಒದ್ದು ಹೊರಗೆ ತಂದೆ. ಇನ್‌ಹೇ ಒದ್ದೆ ಹೊದಿಕೆ ಹೊದಿಸುತ್ತಾ ಒಬ್ಬೊಬ್ಬರನ್ನೇ ಟ್ರಕ್ಕಿಗೆ ಹತ್ತಿಸುತ್ತಿದ್ದಳು. ನನ್ನ ಕಣ್ಣು ಉರಿಯಲು ಶುರುವಾಗಿತ್ತು. ಬಾಯಲ್ಲಿ ತುಕ್ಕು ಹಿಡಿದ ಮೊಳೆ ಚೀಪಿದ ರುಚಿ.

ಕೆಳಗಿನ ಕೇರಿಯಲ್ಲಿ ಗೋಕ್ ತಾತ ಹಸುವಿನ ಹಗ್ಗ ಬಿಚ್ಚುತ್ತಿದ್ದ. ಹಸುವಿನ ಬಾಯಿಂದ ನೊರೆ ಸುರಿಯುತ್ತಿತ್ತು.

"ಬಿಡಿ ತಾತ! ಅದು ಉಳಿಯಲ್ಲ."

"ಹೊಟ್ಟೆಲಿ ಕರು ಇದೆ ಕಣಯ್ಯ. ನೀ ನಡಿ. ಹಿಂದೇನೇ ಬರ್ತೀನಿ."

ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಅವನಾಚೆ ಇನ್ನೂ ಎರಡು ಮನೆ, ಮೂರು ಜನ. ಆ ಓಣಿಯಲ್ಲಿ ಆಗಲೇ ಹೊಗೆ ಸೊಂಟದವರೆಗೆ ಬಂದಿತ್ತು. ಹೋಗಲು ನೋಡಿದೆ. ಹತ್ತು ಹೆಜ್ಜೆಗೆ ಉಸಿರು ನಿಂತು ಮಂಡಿಯೂರಿದೆ. ಹೆಸರು ಹಿಡಿದು ಕೂಗಿದೆ. ಯಾರೂ ಓಗೊಡಲಿಲ್ಲ.

ತಿರುಗಿ ಬಂದೆ. ಇದನ್ನು ಮಾತ್ರ ನನ್ನಿಂದ ಎರಡನೇ ಸಲ ಹೇಳಿಸಬೇಡಿ.

ಹಿಂದೆ ಹತ್ತು ಜನ. ಮುಂದೆ ನಾನು, ಇನ್‌ಹೇ, ಬೊಂಗ್ನೆ ಅಜ್ಜಿ. ಗೇರ್ ಹಾಕಿದೆ.

ಕೆರೆಯ ತಿರುವಿನಲ್ಲಿ ಕನ್ನಡಿಯೊಳಗೆ ಬೂದು ವ್ಯಾನ್ ಕಾಣಿಸಿತು. ಮಾ. ಫ್ಯಾಕ್ಟರಿ ರಸ್ತೆಯಿಂದ ನೇರ ಇಳಿದು ಬಂದಿದ್ದ.

ಫೋನ್ ರಿಂಗಾಯಿತು.

"ಅಣ್ಣ, ಹುಡುಗಿ ನಿನ್ ಪಕ್ಕದಲ್ಲೇ ಕೂತಿದಾಳೆ. ಒಳ್ಳೇದಾಯ್ತು. ಟ್ರಕ್ ನಿಲ್ಸು."

"ಹಿಂದೆ ತಿರುಗಿ ನೋಡೋ ಮಾ. ಊರು ನೋಡು."

"ಮಂಜು ಅಣ್ಣ. ಚುಕ್ಕೆ ಹಸಿರಿದೆ."

"ಮೇ ತಿಂಗಳ ಮಟಮಟ ಮಧ್ಯಾಹ್ನ ಯಾವ ಮಂಜು?"

ಉತ್ತರವಾಗಿ ಗುದ್ದಿದ. ಟ್ರಕ್ಕಿನ ಹಿಂಭಾಗ ಹಾರಿ ಬಿತ್ತು. ಹಿಂದಿದ್ದವರು ಒಬ್ಬರ ಮೇಲೊಬ್ಬರು ಉರುಳಿದರು. ಎರಡನೇ ಸಲ ಗುದ್ದಿದ. ಸ್ಟೇರಿಂಗ್ ಕೈ ತಪ್ಪಿ ಎಡಗಡೆಯ ಗಾಲಿ ಗದ್ದೆಗಿಳಿಯಿತು. ಕೆಸರು ಎರಚುತ್ತಾ ಹೇಗೋ ಮೇಲೆ ಹತ್ತಿಸಿದೆ. ಅಷ್ಟರಲ್ಲಿ ವ್ಯಾನ್ ನಮ್ಮನ್ನು ದಾಟಿ ಹೋಯಿತು.

ಸೊಲ್ಮೆಯಿಂದ ಆಚೆ ಹೋಗಲು ಇರುವುದು ಒಂದೇ ಸೇತುವೆ. ಮಾ ಅದರ ಬಾಯಿಗೆ ವ್ಯಾನ್ ಅಡ್ಡ ನಿಲ್ಲಿಸಿದ್ದ. ಅವನು, ಅವನ ಡ್ರೈವರ್, ಇಬ್ಬರೂ ಕೆಳಗಿಳಿದಿದ್ದರು. ಡ್ರೈವರ್ ಕೈಯಲ್ಲಿ ಕಬ್ಬಿಣದ ಸಲಾಕಿ.

ಇಳಿದೆ.

"ಹತ್ತು ಜನ ಇದಾರೆ ಹಿಂದೆ. ಉಸಿರಾಡೋಕೆ ಆಗ್ತಿಲ್ಲ. ವ್ಯಾನ್ ತೆಗಿ."

"ಫೋನ್ ಕೊಡಿಸು, ತೆಗೀತೀನಿ. ನಂಗೂ ಮೇಲಿಂದ ಕರೆ ಮೇಲೆ ಕರೆ. ನಂಗೂ ಹೆಂಡ್ತಿ ಮಕ್ಕಳಿದಾರೆ ಅಣ್ಣ."

ನಾನು ಇನ್‌ಹೇಯ ಕಡೆ ನೋಡಿದೆ.

"ಕೊಡು."

"ಇದೊಂದೇ ಸಾಕ್ಷಿ ಮ್ಯಾನೇಜರ್. ಕಂಪನಿ ಫೋನ್, ಫೋಟೋ ಹೊರಗೆ ಕಳ್ಸೋಕೆ ಬಿಡಲ್ಲ. ಸರ್ವರ್‌ನಲ್ಲಿ ಒಂದು ಅಂಕೆನೂ ಉಳ್ದಿರಲ್ಲ. ಇದು ಹೋದ್ರೆ ಏನೂ ಆಗ್ಲೇ ಇಲ್ಲ ಅಂತಾಗತ್ತೆ."

"ಗೊತ್ತು. ಕೊಡು."

ಅವಳು ತಿರುಗಿ ಟ್ರಕ್ಕಿನ ಹಿಂಭಾಗ ನೋಡಿದಳು. ಹಾಪ್ಸುನ್ ಅಜ್ಜಿ ಒದ್ದೆ ಹೊದಿಕೆಯೊಳಗೆ ಬಾಯಿ ತೆರೆದುಕೊಂಡು, ದಡಕ್ಕೆ ಎಸೆದ ಮೀನಿನಂತೆ ಗಾಳಿ ಹುಡುಕುತ್ತಿದ್ದಳು. ಇನ್‌ಹೇ ಫೋನ್ ಕೊಟ್ಟಳು. ಅಳಲಿಲ್ಲ. ಮುಖ ಮಾತ್ರ ಸುಣ್ಣದಂತಾಗಿತ್ತು.

ಮಾ ಅದನ್ನು ಸೇತುವೆಯ ಕಂಬಿಗೆ ಕುಟ್ಟಿ ಪುಡಿ ಮಾಡಿ ಹೊಳೆಗೆಸೆದ. ಡ್ರೈವರ್‌ಗೆ ವ್ಯಾನ್ ತೆಗಿ ಎಂದು ಸನ್ನೆ ಮಾಡಿದ.

ಡ್ರೈವರ್ ಎರಡು ಹೆಜ್ಜೆ ಇಟ್ಟ. ಕೆಮ್ಮಿದ. ಮೂರನೆಯ ಹೆಜ್ಜೆ ಇಡಲಿಲ್ಲ.

ನಾವೆಲ್ಲ ರಸ್ತೆಯ ಕಡೆ ನೋಡುತ್ತಿದ್ದೆವು. ಹೊಗೆ ಹೊಳೆಯ ಪಾತ್ರ ಹಿಡಿದು ಬಂದಿತ್ತು. ಸೇತುವೆಯ ಕೆಳಗಿಂದ ಎದ್ದು, ಅವರಿಬ್ಬರು ನಿಂತಿದ್ದ ಕಡೆಯಿಂದಲೇ ಕಂಬಿ ದಾಟಿ ಮೇಲೆ ಬರುತ್ತಿತ್ತು. ಮಾ ತನ್ನ ಫೋನ್ ಎತ್ತಿ ನೋಡಿದ.

"ಅಣ್ಣ... ಹಸಿರಿದೆ ಅಣ್ಣ..."

ಆಮೇಲೆ ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡು ಕುಸಿದ.

ವ್ಯಾನಿನ ಕೀಲಿ ಯಾರ ಜೇಬಲ್ಲಿದೆ ಎಂದು ತಡಕುವಷ್ಟು ವ್ಯವಧಾನವಿರಲಿಲ್ಲ. ಟ್ರಕ್ ಹತ್ತಿ, ಮೊದಲ ಗೇರಿನಲ್ಲಿ ಒತ್ತಿದೆ. ವ್ಯಾನ್ ಕಿರುಗುಟ್ಟಿತು, ಕಂಬಿ ಮುರಿಯಿತು, ಹೊಳೆಗೆ ಬಿತ್ತು. ದಾರಿ ಬಿಟ್ಟಿತು.

ಬ್ರೇಕ್ ಹಾಕಿದೆ.

"ಯಾಕೋ ನಿಲ್ಸಿದೆ?" ಎಂದಳು ಬೊಂಗ್ನೆ ಅಜ್ಜಿ. "ಆ ಹಾಳಾದೋರ್ಗೋಸ್ಕರನಾ?"

"ಜಾಗ ಇದೆಯಲ್ಲ ಅಜ್ಜಿ."

ಆಕೆ ನನ್ನನ್ನೇ ದಿಟ್ಟಿಸಿದಳು. ಆಮೇಲೆ ತನ್ನ ತಲೆಯ ಮೇಲಿದ್ದ ಒದ್ದೆ ಬಟ್ಟೆ ತೆಗೆದು ನನ್ನ ಮುಖಕ್ಕೆ ಬಿಗಿದು ಕಟ್ಟಿದಳು. ಗಂಟು ಹಾಕುವಾಗ ಕೂದಲೂ ಸೇರಿ ಎಳೆಯಿತು. ಬೇಕಂತಲೇ ಎಳೆದಿರಬೇಕು. ಇನ್‌ಹೇ ಕಾಲು ಹಿಡಿದಳು, ನಾನು ತೋಳು. ಇಬ್ಬರನ್ನೂ ಹಿಂದಕ್ಕೆ ಎಸೆದೆವು. ಸೇತುವೆ ದಾಟಿ, ಗುಡ್ಡ ಹತ್ತಿ, ಆಸ್ಪತ್ರೆಯ ಬಾಗಿಲವರೆಗೆ ಓಡಿಸಿದ್ದು ನೆನಪಿದೆ. ಆಮೇಲಿನದ್ದು ನೆನಪಿಲ್ಲ.

ಉಳಿದದ್ದು ನಿಮ್ಮ ಫೈಲಿನಲ್ಲಿದೆ.

ಗೋಕ್ ತಾತ ಸತ್ತ. ಓಣಿಯ ಮೂವರೂ ಸತ್ತರು. ಅಗ್ನಿಶಾಮಕದವರು ಬರುವಷ್ಟರಲ್ಲಿ ಗಾಳಿ ತಿರುಗಿ ಹೊಗೆ ಕಡಲ ಕಡೆಗೆ ಹೋಗಿತ್ತು. ಫ್ಯಾಕ್ಟರಿಯ ವೈದ್ಯ 'ಸತ್ತವರಿಗೆ ವಯಸ್ಸಾಗಿತ್ತು, ಗಾಬರಿಯಲ್ಲಿ ಹೃದಯ ನಿಂತಿದೆ' ಎಂದು ಬರೆದುಕೊಟ್ಟ. ಮೂರೇ ದಿನದಲ್ಲಿ, ಹುಳ ಬಿದ್ದಿದೆ ಎಂದು ಊರಿನ ಶೆಡ್ಡುಗಳನ್ನೆಲ್ಲ ಕಿತ್ತು, ಬಳ್ಳಿ ಸಮೇತ ಸುಟ್ಟರು. ಕಂಪನಿಯ ಹೇಳಿಕೆ ನೀವೂ ಓದಿರುತ್ತೀರಿ. ಆ ದಿನ ಸೊಲ್ಮೆಯ ಗಾಳಿ ಒಂದು ಕ್ಷಣವೂ ಕೆಟ್ಟಿರಲಿಲ್ಲವಂತೆ. ಕಂಪ್ಯೂಟರ್ ದಾಖಲೆ ಇದೆಯಂತೆ.

ಇನ್‌ಹೇ ಹೇಳಿದ್ದೇ ಆಯಿತು. ಏನೂ ಆಗಲೇ ಇಲ್ಲ.

ಊರಿನವರು ಸಾಕ್ಷಿ ಹೇಳುತ್ತಾರೆ, ನಿಜ. ಆದರೆ ಅವರೆಲ್ಲ ಎಪ್ಪತ್ತು ದಾಟಿದವರು, ಹೆದರಿದ್ದವರು, ಗೊಂದಲದಲ್ಲಿದ್ದವರು ಎಂದು ಎದುರು ವಕೀಲ ಸವಾಲು ಹಾಕುತ್ತಾನೆ. ಹೇಗೆ ಹಾಕುತ್ತಾನೆಂದು ನನಗೆ ಗೊತ್ತು. ಮೂರು ವರ್ಷ ಅದೇ ಮಾತನ್ನು ನಾನು ಆಡಿಕೊಂಡು ಬಂದಿದ್ದೇನೆ. ಇನ್‌ಹೇ? ಕೆಲಸ ಕಳೆದುಕೊಂಡ ಸಿಟ್ಟಿಗೆ ಹೇಳುತ್ತಾಳೆ ಎನ್ನುತ್ತಾರೆ. ನಾನು? ಆಪಾದಿತ.

ಆರೋಪಪಟ್ಟಿ ಓದಿದೆ. ಸುಳ್ಳು ಸುದ್ದಿ ಹಬ್ಬಿಸಿದ್ದು. ಕಂಪನಿಯ ವ್ಯಾನ್ ಹೊಳೆಗೆ ಕೆಡವಿದ್ದು. ಹನ್ನೊಂದು ಜನ ನಿವಾಸಿಗಳನ್ನು ಅವರ ಇಚ್ಛೆಗೆ ವಿರುದ್ಧವಾಗಿ ಬಲವಂತದಿಂದ ಸಾಗಿಸಿದ್ದು.

ಮಾ ಅದರಲ್ಲಿಲ್ಲ. ಅವನ ಡ್ರೈವರೂ ಇಲ್ಲ. ಅವರಿಬ್ಬರೂ ಆ ದಿನ ರಜೆಯ ಮೇಲಿದ್ದರಂತೆ. ಇದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ಒಬ್ಬನ ಗಂಟಲಿಗೆ ಕೊಳವೆ, ಇನ್ನೊಬ್ಬನ ಕಣ್ಣಿಗೆ ಪಟ್ಟಿ. ಕೋಣೆಯ ಬಾಗಿಲಲ್ಲಿ ಕಂಪನಿಯ ಕಾವಲು.

ತಪ್ಪೊಪ್ಪಿಕೊಂಡರೆ ಶಿಕ್ಷೆ ಕಡಿಮೆಯಾಗುತ್ತದೆ ಅಂತೀರಿ. ಸರಿ, ಒಪ್ಪಿಕೊಳ್ಳುತ್ತೇನೆ. ಪೆನ್ನು ಕೊಡಿ.

ಒಂದೇ ತಿದ್ದುಪಡಿ ಹಾಕಿಸಿ ವಕೀಲರೇ. ನಾನು ಹೊತ್ತುಕೊಂಡು ಹೋದದ್ದು ಹನ್ನೊಂದು ಜನರನ್ನಲ್ಲ, ಹದಿಮೂರು. ಕೊನೆಯ ಇಬ್ಬರು ಯಾಕೆ ಕಾಲ ಮೇಲೆ ನಿಂತಿರಲಿಲ್ಲ ಅನ್ನುವುದನ್ನು ನ್ಯಾಯಾಧೀಶರೇ ಕಂಪನಿಯನ್ನು ಕೇಳಿಕೊಳ್ಳಲಿ.