ಮೂವತ್ತೆಂಟನೇ ಮೀಟರು

ಕುಂದುರ್ಪಿಯ ಮೊಬೈಲ್ ಟವರಿನ ಕೇಬಲ್ ಕೆಟ್ಟಿತು. ಮೇಲಿನ ಜಾಯಿಂಟ್ ಹಾಕಿದ್ದ ಅಂಬರೀಶನನ್ನು ಕಂಟ್ರಾಕ್ಟರ್ ಅದೇ ದಿನ ಕೆಲಸದಿಂದ ತೆಗೆದ. ಎಲ್ಲಿ ಕೆಟ್ಟಿದೆಯೆಂದು ಅಳೆಯಲು ಹರಿತಾಳನ್ನು ಕಳಿಸಿದ್ದು ನಾಲ್ಕು ದಿನ ಬಿಟ್ಟು.

ಹಿಂದೂಪುರದಿಂದ ಹೊರಟವಳಿಗೆ ಅದು ಅವತ್ತಿನ ಐದನೇ ಟವರ್. ಮೀಟರಿನ ಪಟ್ಟಿ ಹೆಗಲು ಕೊರೆದಿತ್ತು. ಬೇಲಿಯಾಚೆ ಅಂಬರೀಶ್ ನಿಂತಿದ್ದ. ಬೆಲ್ಟು, ಹೆಲ್ಮೆಟ್ಟು ವಾಪಸ್ ಕೊಟ್ಟು ಕಲ್ಯಾಣದುರ್ಗದ ಬಸ್ಸು ಹಿಡಿಯಲು ಬಂದಿದ್ದ.

"ಮಕ ಬಾಡೋಗೈತೆ. ತಿಂದ್ಯಾ?"

"ಮೊದ್ಲು ನೀನು ಮೇಲಿಂದ ಕೇಳ್ತಿದ್ದೆ. ಈಗ ಬೇಲಿ ಆಚೆಯಿಂದ್ಲಾ?"

ನಗಲೂ ಆಯಾಸವಾದವನಂತೆ ಅವನು ನಕ್ಕ.

ಎರಡು ವರ್ಷ ಅವರ ಮಾತೆಲ್ಲ ಕೇಬಲಿನಲ್ಲೇ ನಡೆದಿತ್ತು. ಕೆಳಗಿನಿಂದ ಅವಳು ಮೀಟರ್ ಹಚ್ಚಿ ತರಂಗ ಬಿಡಬೇಕು. ಕೇಬಲ್ ಎಲ್ಲಿ ಕೆಟ್ಟಿದೆಯೋ ಅಲ್ಲಿಂದ ಅದು ಹಿಂತಿರುಗುತ್ತದೆ. ಎಷ್ಟನೇ ಮೀಟರಿನಲ್ಲಿ ಎಂದು ಪರದೆಯ ಗೆರೆ ಎದ್ದು ತೋರಿಸುತ್ತದೆ. ಅವನು ಮೇಲಿನ ತುದಿಯನ್ನು ಬೇಕೆಂತಲೇ ಬಿಚ್ಚಿ ಮತ್ತೆ ಹಾಕುತ್ತಿದ್ದ. ಮೂವತ್ತೆಂಟನೇ ಮೀಟರಿನಲ್ಲಿ ಗೆರೆ ಚಂಗನೆ ನೆಗೆದು ಕೂರುತ್ತಿತ್ತು. ಒಂದು ಸಲ ನೆಗೆದರೆ 'ತಿಂದ್ಯಾ?'. ಎರಡು ಸಲ ನೆಗೆದರೆ ಏನೆಂದು ಅವನು ಹೇಳಿರಲಿಲ್ಲ, ಅವಳು ಕೇಳಿರಲಿಲ್ಲ. ಕತ್ತೆತ್ತಿದರೆ ಬಿಸಿಲಲ್ಲಿ ಒಂದು ಹಳದಿ ಹೆಲ್ಮೆಟ್ಟು. ಅಷ್ಟಕ್ಕೇ ಅವಳ ಕೆನ್ನೆ ಬಿಸಿಯಾಗುತ್ತಿತ್ತು.

ಹರಿತಾ ಮೀಟರ್ ಹಚ್ಚಿದಳು. ಮೂವತ್ತೆಂಟರಲ್ಲಿ, ಅವನ ಜಾಯಿಂಟಿನಲ್ಲಿ, ಗೆರೆ ಅಲುಗದೆ ಮಲಗಿತ್ತು. ಎದ್ದದ್ದು ಎರಡನೇ ಮೀಟರಿನಲ್ಲಿ. ಅಲ್ಲಿನ ಟೇಪು ಬಿಚ್ಚಿದಳು. ನೀರು ಜಿನುಗಿತು. ಆ ಕೆಳಗಿನ ಜಾಯಿಂಟ್ ಹಾಕಿದವನು ಪಕ್ಕದಲ್ಲೇ ನಿಂತಿದ್ದ, ಸೂಪರ್‌ವೈಸರ್ ಕೇಶವ.

"ನೋಡಮ್ಮ, ಫಾರಂನಾಗೆ ಮೂವತ್ತೆಂಟು ಅಂತ ಹಾಕ್ಬುಡು. ಅವ್ನೆಂಗೂ ಹೋದ. ನಿಂಗೆ ಕೆಲ್ಸ ಬ್ಯಾಡ್ವಾ?"

"ಹತ್ತೋನೂ ಅವ್ನೇ, ಬೀಳೋನೂ ಅವ್ನೇನಾ ಸಾರ್?"

ಬೇಲಿಯಾಚೆಯಿಂದ ಅಂಬರೀಶನೇ ಕೂಗಿದ. "ಹಾಕ್ಬುಡು ಹರಿತಾ. ನಾನ್ ಹೋಯ್ತೀನಿ. ನನ್ನಿಂದ ನಿನ್ ಕೆಲ್ಸ ಹೋಗೋದ್ ಬ್ಯಾಡ."

ಅವಳು ಬೇಲಿಯ ಹತ್ತಿರ ಬಂದಳು. "ಎರಡು ಸಲ ನೆಗೆಸ್ತಿದ್ಯಲ್ಲ, ಏನದು?"

ಅವನು ತನ್ನ ಚಪ್ಪಲಿ ನೋಡಿಕೊಂಡ. ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು.

"ಕೆಲ್ಸ ಇಲ್ದೋನು ಕೇಳೋ ಮಾತಲ್ಲ, ಬಿಡು."

"ಕೇಳಪ್ಪ."

"ನನ್ನ ಮದ್ವೆ ಆಯ್ತೀಯಾ ಅಂತ."

"ಎರಡು ವರ್ಷ ಬೇಕಾಯ್ತಾ ಕೆಳಗಿಳಿಯಾಕೆ?" ಅವಳು ಬೇಲಿಯ ತಂತಿ ಹಿಡಿದಳು. "ಒಂದೂ ಅಳಿಸಿಲ್ಲ ಕಣೋ. ನೀನು ನೆಗೆಸಿದ್ದೆಲ್ಲ ಮೀಟರ್‌ನಾಗೆ ಸೇವ್ ಮಾಡ್ಕೊಂಡಿವ್ನಿ. ಆಯ್ತೀನಿ."

ಬಸ್ಸು ಬಂದು ನಿಂತಿತು, ಹೊರಟಿತು. ಅವನು ಹತ್ತಲಿಲ್ಲ.

ಕೇಶವ ಫಾರಂ ತೆರೆದ ಫೋನನ್ನು ಅವಳ ಮುಂದೆ ಚಾಚಿದ. "ಸರ್ಲೇ, ನಿಮ್ ಮಾತಾಯ್ತಾ? ಹಾಕು, ಮೂವತ್ತೆಂಟು."

ಹರಿತಾ ನೀರು ತೊಟ್ಟಿಕ್ಕುತ್ತಿದ್ದ ಜಾಯಿಂಟನ್ನೊಮ್ಮೆ ನೋಡಿದಳು.

"ಹಾಕಲ್ಲ."