ಬಾಯ್ಲರಿನ ಒಳಗಿನ ಕೈ

ಬಂಟ್ವಾಳದಲ್ಲಿ ಬಾಯ್ಲರ್ ಇನ್‌ಸ್ಪೆಕ್ಟರನ್ನೇ ಬೆವರಿಳಿಸಿದ ಗಂಡು ನಾನು, ಗೊತ್ತುಂಟಾ?

ಎಂಬತ್ತನಾಲ್ಕರಲ್ಲಿ ನಮ್ಮ ಅಕ್ಕಿ ಮಿಲ್ಲಿಗೆ ಇನ್‌ಸ್ಪೆಕ್ಟರ್ ಉದಯಶಂಕರ ಸಾರ್ ಕಿವಿಗೆ ಕೇಳದ ಶಬ್ದದಿಂದ ಬಿರುಕು ಹುಡುಕುವ ಹೊಸ ಯಂತ್ರ ತಂದರು. ಬಾಯ್ಲರಿನ ಒಳಬದಿಗೆ ಎಣ್ಣೆಗೈ ಒತ್ತಿದರೆ ಯಂತ್ರದ ಪರದೆಯ ಗೆರೆ ಕುಗ್ಗುತ್ತದಂತೆ, ಬಿರುಕು ಇದ್ದ ಹಾಗೇ. ಸಾರನ್ನು ಹೆದರಿಸಲಿಕ್ಕೆ ಗೆಳೆಯ ಡೊಂಬಯ್ಯ ಒಳಗೆ ಅಡಗಿ ಹಾಗೆ ಒತ್ತಬೇಕೆಂದು ಮಸಲತ್ತು ಮಾಡಿದ್ದೆವು.

ಗೆರೆ ಕುಗ್ಗಿತು! ಸಾರ್ ಯಂತ್ರ ಎಲ್ಲಿಟ್ಟರೂ ಕುಗ್ಗಿತು.

“ಇದೆಂಥ ಮಾರಾಯ? ನಾಳೆ ಬೆಂಕಿ ಹಾಕ್ಲಿಕ್ಕೆ ಬಿಡುವುದು ಹೇಗೆ?” ಅಂದರು ಸಾರ್, ಬೆವರೊರೆಸುತ್ತ.

ನಾನು ಸಿನಿಮಾ ಹೀರೋನಂತೆ ಗುಡುಗಿದೆ: “ಆಟ ಮುಗಿಯಿತು, ಹೊರಗೆ ಬಾರೋ ಡೊಂಬಯ್ಯ!”

“ಬಂದೆ ಮಾರಾಯ, ವಿಟ್ಲದ ಬಸ್ಸು ತಡ,” ಅಂದ ಡೊಂಬಯ್ಯ, ನನ್ನ ಬೆನ್ನ ಹಿಂದಿನಿಂದ.

ನಿಜ ಹೇಳ್ತೇನೆ, ಬೆವರಿದ್ದು ನಾನೇ. ಬಾಯ್ಲರಿನ ಹಿಂಬದಿಯ ಬಾಗಿಲಿಗೆ ಹೊರಗಿನಿಂದ ಬೋಲ್ಟು ಹಾಕಿಯೇ ಇತ್ತು. ಬಿಚ್ಚಿ ನೋಡಿದರೆ ಒಳಗೆ ಯಾರೂ ಇಲ್ಲ. ಆದರೆ ಬಾಗಿಲು ತೆರೆದ ಮೇಲೆ ಗೆರೆ ಮತ್ತೆ ಕುಗ್ಗಲೇ ಇಲ್ಲ.